ಯಂತ್ರದ ಹೊಟ್ಟೆಯ ಜಂಗು

ಕಲಾ ಶಾಖೆಯ ವಿದ್ಯಾರ್ಥಿಯೊಬ್ಬ ಕಬ್ಬಿಣದ ಜಂಗಿನ ಮೇಲೆ ಲೇಖನ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯಗಳನ್ನು ಓದುವವರಿಗೆ ಅಲಗು, ತಗಡು, ಎಣ್ಣೆಗಳ ಗೊಡವೆ ಏಕೆಂದು ಕೇಳಬಹುದು. ಆದರೆ ಮೂಡಲಗಿಯ ಸುತ್ತಿನ ಹಳ್ಳಿಗಳಿಂದ ಬರುವ ನಮ್ಮಲ್ಲಿ ಹೆಚ್ಚಿನವರು ಒಕ್ಕಲುತನದ ಮನೆಯವರು. ಮುಂಜಾನೆ ದನಗಳಿಗೆ ಮೇವು ಕತ್ತರಿಸಿ ಹಾಕಿ, ಆಮೇಲೆ ಪುಸ್ತಕ ಹಿಡಿದು ಕಾಲೇಜಿಗೆ ಬರುವವರೂ ನಮ್ಮ ನಡುವೆ ಇದ್ದಾರೆ. ನಮ್ಮ ತಂದೆಯವರ ಕಾಲದಲ್ಲಿ ಮನೆಯ ಆಸ್ತಿಯೆಂದರೆ ಎತ್ತು. ಇಂದು ಅದರ ಸ್ಥಾನಕ್ಕೆ ಯಂತ್ರ ಬಂದಿದೆ. ಎತ್ತನ್ನು ತೊಳೆಯುವುದು, ಮೇಯಿಸುವುದು, ಮಳೆಯಲ್ಲಿ ಒಳಗೆ ಕಟ್ಟುವುದು ನಮಗೆ ತಲೆತಲಾಂತರದಿಂದ ಬಂದ ವಿದ್ಯೆ. ಯಂತ್ರವನ್ನು ಸಾಕುವ ವಿದ್ಯೆ ಇನ್ನೂ ನಮ್ಮ ಕೈಗೆ ಪೂರ್ಣವಾಗಿ ಬಂದಿಲ್ಲ. ಆದುದರಿಂದ ಅದರಲ್ಲಿ ಒಂದು ಚಿಕ್ಕ ಭಾಗವನ್ನು, ಎಂದರೆ ಹುಲ್ಲನ್ನೂ ಕಬ್ಬಿನ ರವದಿಯನ್ನೂ ಕತ್ತರಿಸುವ ಯಂತ್ರಗಳ ಒಳಮೈಯನ್ನು ಜಂಗಿನಿಂದ ಕಾಯುವ ಬಗೆಯನ್ನು, ನಾನು ಕೇಳಿ, ಓದಿ, ಮಾಡಿ ತಿಳಿದುಕೊಂಡಷ್ಟು ಇಲ್ಲಿ ಹೇಳಬಯಸುತ್ತೇನೆ.

ಗ್ರಂಥಗಳಲ್ಲಿ ತುಕ್ಕು ಎಂದು ಬರೆಯುವುದನ್ನೇ ನಮ್ಮ ಕಡೆ ಜಂಗು ಎನ್ನುವರು. ನಾನು ಈ ಮನೆಮಾತನ್ನೇ ಬಳಸುತ್ತೇನೆ.

ಬೋರಲು ಹಾಕಿದ ಬೋಗುಣಿ

ಆಟದ ಬಯಲಿನ ಹುಲ್ಲನ್ನು ಕತ್ತರಿಸುವ ಯಂತ್ರವನ್ನು ಎಲ್ಲರೂ ಕಂಡಿದ್ದೇವೆ. ಮೇಲೆ ಎಂಜಿನು, ಕೆಳಗೆ ಗರಗರನೆ ತಿರುಗುವ ಅಲಗು, ಆ ಅಲಗನ್ನು ಮುಚ್ಚಿಕೊಂಡು ಬೋರಲು ಹಾಕಿದ ಬೋಗುಣಿಯಂತಹ ಒಂದು ತಗಡು. ಈ ತಗಡನ್ನೇ ನಾನು ಯಂತ್ರದ ಹೊಟ್ಟೆ ಎಂದು ಕರೆದಿದ್ದೇನೆ. ನೆಲ ಹದಮಾಡುವ ರೋಟಾವೇಟರಿಗೂ ಇಂಥದೇ ಹೊಟ್ಟೆಯುಂಟು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಬಿದ್ದ ರವದಿಯನ್ನು ಪುಡಿಮಾಡಲು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಯಂತ್ರಕ್ಕೂ ಉಂಟು. ಗಾತ್ರ ಬೇರೆ, ಕೆಲಸ ಬೇರೆ. ಹೊಟ್ಟೆಯ ಧರ್ಮ ಮಾತ್ರ ಒಂದೇ.

ಈ ತಗಡು ಮಾಡುವ ಕೆಲಸಗಳು ಎರಡು. ಅಲಗು ತಿರುಗುವಾಗ ಹುಟ್ಟುವ ಗಾಳಿಯನ್ನು ಹಿಡಿದಿಟ್ಟು, ಹುಲ್ಲನ್ನು ಮೇಲಕ್ಕೆತ್ತಿ ನಿಲ್ಲಿಸಿ, ಸಮನಾಗಿ ಕತ್ತರಿಸಲು ಅನುವು ಮಾಡಿಕೊಡುವುದು ಮೊದಲನೆಯದು. ಎರಡನೆಯದು ಇದಕ್ಕಿಂತಲೂ ಮುಖ್ಯವಾದುದು: ಅಲಗಿಗೆ ಸಿಕ್ಕ ಕಲ್ಲು, ಗಾಜು, ತಂತಿಯ ತುಂಡು ಹೊರಗೆ ಹಾರಿ ಮನುಷ್ಯರಿಗೂ ದನಗಳಿಗೂ ತಾಗದಂತೆ ತಡೆಯುವುದು. ಎಂದರೆ ಇದು ಯಂತ್ರಕ್ಕೆ ಹೊಟ್ಟೆ, ನಮಗೆ ಗುರಾಣಿ. ಗುರಾಣಿಗೆ ಜಂಗು ಹತ್ತಿ ತೂತು ಬಿದ್ದರೆ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಓಣಿಯ ಐದು ಮನೆಯವರು ಕೂಡಿ ಒಂದು ರವದಿ ಯಂತ್ರವನ್ನು ಕೊಂಡಿದ್ದರು. ಮೂರನೆಯ ಹಂಗಾಮಿನಲ್ಲಿ ಅದರ ಹಿಂಬದಿಯ ತಗಡು ಹಳೆಯ ಕಾಗದದಂತೆ ಹರಿದು, ಅದರೊಳಗಿಂದ ಹಾರಿದ ಹರಳೊಂದು ಬದುವಿನಲ್ಲಿ ಕಟ್ಟಿದ್ದ ಎತ್ತಿನ ಹಿಂಗಾಲಿಗೆ ಬಡಿಯಿತು. ಎತ್ತು ತಿಂಗಳೊಪ್ಪತ್ತು ಕುಂಟಿತು. ಅಲ್ಲಿ ಎತ್ತಿನ ಬದಲು ಹುಡುಗನೊಬ್ಬ ನಿಂತಿದ್ದರೆ ಎಂಬ ವಿಚಾರ ಅಂದು ಎಲ್ಲರ ಮನಸ್ಸಿನಲ್ಲಿಯೂ ಸುಳಿಯಿತು. ನಾನು ಈ ವಿಷಯದ ಬೆನ್ನು ಹತ್ತಿದ್ದು ಅಂದಿನಿಂದ.

ಈ ಜಾತಿಯ ಯಂತ್ರಗಳ ಪೂರ್ವೇತಿಹಾಸವನ್ನೂ ಎರಡು ಮಾತಿನಲ್ಲಿ ಹೇಳಬಹುದು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಮೊದಲು ಪೇಟೆಂಟ್ ಪಡೆದವನು ಇಂಗ್ಲೆಂಡಿನ ಎಡ್ವಿನ್ ಬಡಿಂಗ್, ವರ್ಷ 1830. ನೇಯ್ದ ಉಣ್ಣೆಯ ಬಟ್ಟೆಯ ಮೇಲಿನ ನವಿರನ್ನು ಕತ್ತರಿಸುವ ಗಿರಣಿಯ ಯಂತ್ರವನ್ನು ಕಂಡು ಅವನಿಗೆ ಈ ಉಪಾಯ ಹೊಳೆಯಿತಂತೆ. ಅವನ ಯಂತ್ರಕ್ಕೆ ಸುರುಳಿ ಅಲಗಿತ್ತು. ಹೊಟ್ಟೆಯುಳ್ಳ ಯಂತ್ರ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ನಮ್ಮ ಜಿಲ್ಲೆಗೂ ಇದರಲ್ಲಿ ಒಂದು ಪಾಲಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದವರು, ಮೇವು ಕತ್ತರಿಸುವ ಯಂತ್ರವನ್ನೂ ಆಮೇಲೆ ಕಬ್ಬಿಣದ ನೇಗಿಲನ್ನೂ ಮಾಡಿ ಮಾರತೊಡಗಿದರು. 1910ರಲ್ಲಿ ಅವರ ಕಾರಖಾನೆ ಈಗಿನ ಮಹಾರಾಷ್ಟ್ರದ ಕಿರ್ಲೋಸ್ಕರವಾಡಿಗೆ ಹೋಯಿತು. ಕಬ್ಬಿಣವು ಭೂಮಿಗೆ ವಿಷವೆಂದು ನಂಬಿ ರೈತರು ಮೊದಮೊದಲು ಆ ನೇಗಿಲನ್ನು ಮುಟ್ಟಲಿಲ್ಲವೆಂದು ಹೇಳುವರು. ಭೂಮಿಗೆ ಕಬ್ಬಿಣ ವಿಷವಾಗಲಿಲ್ಲ. ಆದರೆ ಹಸಿ ಮಣ್ಣು ಕಬ್ಬಿಣಕ್ಕೆ ವಿಷವೆಂಬುದು ಮಾತ್ರ ಸತ್ಯ.

ಜಂಗು ಹುಟ್ಟುವ ಬಗೆ

ಜಂಗು ಹೊರಗಿನಿಂದ ಬಂದು ಕಬ್ಬಿಣಕ್ಕೆ ಮೆತ್ತಿಕೊಳ್ಳುವ ಕೊಳೆಯಲ್ಲ. ಕಬ್ಬಿಣವೇ ರೂಪ ಬದಲಿಸಿ ಜಂಗಾಗುವುದು. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಈ ಮೂರೂ ಕೂಡಿದಾಗ ಮಾತ್ರ ಈ ಕ್ರಿಯೆ ನಡೆಯುತ್ತದೆ. ಮೂರರಲ್ಲಿ ಒಂದನ್ನು ದೂರವಿಟ್ಟರೂ ಜಂಗು ಹುಟ್ಟಲಾರದು. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಮೂರು ಗಾಜಿನ ಲೋಟಗಳಲ್ಲಿ ಒಂದೊಂದು ಹೊಸ ಮೊಳೆಯನ್ನು ಹಾಕಿರಿ. ಮೊದಲನೆಯದರಲ್ಲಿ ಬರಿಯ ಒಣ ಗಾಳಿ. ಎರಡನೆಯದರಲ್ಲಿ ಕುದಿಸಿ ಆರಿಸಿದ ನೀರು ಮತ್ತು ಅದರ ಮೇಲೆ ಬೆರಳುದ್ದ ಎಣ್ಣೆ. ಮೂರನೆಯದರಲ್ಲಿ ಮೊಳೆ ಅರ್ಧ ಮುಳುಗುವಷ್ಟು ಸಾದಾ ನೀರು. ಒಂದು ವಾರ ಬಿಟ್ಟು ನೋಡಿರಿ. ಮೂರನೆಯದು ಮಾತ್ರ ಕೆಂಪಾಗಿರುವುದು. ಆ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದರೆ ವಾರದ ಕೆಲಸ ಒಂದೆರಡು ದಿನದಲ್ಲಿಯೇ ಆಗುವುದು.

ತಾಮ್ರ ಹಿತ್ತಾಳೆಗಳಿಗೂ ಕಿಲುಬು ಹತ್ತುತ್ತದೆಯಲ್ಲ, ಅವು ಏಕೆ ಹೀಗೆ ಕರಗಿ ಹೋಗುವುದಿಲ್ಲವೆಂದು ಯಾರಾದರೂ ಕೇಳಬಹುದು. ಕಿಲುಬು ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಅಲ್ಯೂಮಿನಿಯಮ್ಮಿನ ಮೇಲಿನ ತೆಳುಪೊರೆಯೂ ಹಾಗೆಯೇ. ಜಂಗಿನ ಗುಣ ಇದಕ್ಕೆ ವಿರುದ್ಧ. ಅದು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಉಬ್ಬುತ್ತದೆ, ಬಿರಿಯುತ್ತದೆ, ಹಕ್ಕಳೆಯಾಗಿ ಉದುರುತ್ತದೆ, ಕೆಳಗಿನ ಹೊಸ ಕಬ್ಬಿಣವನ್ನು ಮತ್ತೆ ನೀರಿಗೂ ಗಾಳಿಗೂ ಒಡ್ಡುತ್ತದೆ. ತೂತು ಬಿದ್ದ ಬಣ್ಣದ ಕೆಳಗೆ ಜಂಗು ಸೇರಿದರೆ ಸುತ್ತಲಿನ ಒಳ್ಳೆಯ ಬಣ್ಣವನ್ನೂ ಅದು ಎತ್ತಿಬಿಡುವುದಕ್ಕೆ ಈ ಉಬ್ಬುವಿಕೆಯೇ ಕಾರಣ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಸಾಧಾರಣವಾಗಿ ನಾವು, ಗಾಳಿ ಹೆಚ್ಚು ತಾಗುವಲ್ಲಿ ಜಂಗು ಹೆಚ್ಚು, ಹುಲ್ಲು ಮಣ್ಣು ಮೆತ್ತಿ ಮುಚ್ಚಿದಲ್ಲಿ ಕಡಿಮೆ ಎಂದುಕೊಳ್ಳುವೆವು. ನಿಜಸ್ಥಿತಿ ತಿರುವುಮುರುವು. ಕೇಂಬ್ರಿಜ್ಜಿನ ವಿಜ್ಞಾನಿ ಯು. ಆರ್. ಇವಾನ್ಸ್ ಎಂಬವರು ಇದನ್ನು ಒಂದು ಹನಿ ಉಪ್ಪುನೀರಿನಿಂದ ತೋರಿಸಿದರು. ಚೊಕ್ಕ ಉಕ್ಕಿನ ತಗಡಿನ ಮೇಲೆ ಒಂದು ಹನಿಯನ್ನು ಇಟ್ಟರೆ ಹನಿಯ ಅಂಚಿಗೆ ಗಾಳಿ ಬೇಗ ತಲುಪುತ್ತದೆ, ನಡುವಿಗೆ ತಲುಪುವುದಿಲ್ಲ. ಗಾಳಿಯುಳ್ಳ ಅಂಚು ಮತ್ತು ಗಾಳಿಯಿಲ್ಲದ ನಡು ಇವೆರಡೂ ಸೇರಿ ಒಂದು ಪುಟ್ಟ ವಿದ್ಯುತ್ಕೋಶವಾಗುತ್ತವೆ. ಬ್ಯಾಟರಿಯಲ್ಲಿ ಹೇಗೋ ಹಾಗೆ, ಒಂದು ತುದಿಯ ಲೋಹ ಕರಗುತ್ತದೆ. ಕರಗುವುದು ಗಾಳಿ ಸಿಗದ ನಡುಭಾಗ. ಕೆಂಪು ಜಂಗು ಕಾಣಿಸುವುದು ಅಲ್ಲಿಂದ ಹೊರಗೆ, ಉಂಗುರದಂತೆ. ಎಂದರೆ ಜಂಗು ಕಾಣುವ ಜಾಗ ಒಂದು, ಕಬ್ಬಿಣ ಸವೆಯುವ ಜಾಗ ಇನ್ನೊಂದು.

ಈಗ ಯಂತ್ರದ ಹೊಟ್ಟೆಯನ್ನು ನೆನೆಯಿರಿ. ಹಸಿ ಹುಲ್ಲು ಅರೆದು ಮುದ್ದೆಯಾಗಿ ತಗಡಿಗೆ ಮೆತ್ತಿ ರೊಟ್ಟಿಯಂತೆ ಗಟ್ಟಿಯಾಗಿದೆ. ಆ ರೊಟ್ಟಿಯ ಕೆಳಗೆ ತೇವ ಆರುವುದಿಲ್ಲ, ಗಾಳಿಯೂ ಸಿಗುವುದಿಲ್ಲ. ಇವಾನ್ಸರ ಹನಿಯ ನಡುಭಾಗವೇ ಅದು. ಮೇಲುನೋಟಕ್ಕೆ ಅಂಚಿನಲ್ಲಿ ಒಂದಿಷ್ಟು ಕೆಂಪು ಕಾಣುತ್ತದೆ. "ಏನೂ ಆಗಿಲ್ಲ" ಎಂದು ನಾವು ಸುಮ್ಮನಾಗುತ್ತೇವೆ. ಒಳಗೆ ತಗಡು ಕುಳಿಬಿದ್ದು ತೆಳುವಾಗುತ್ತಿರುತ್ತದೆ. ಇದರ ಮೇಲೆ ಹುಲ್ಲೂ ಕಬ್ಬಿನ ಹಸಿ ಸೋಗೆಯೂ ಕೊಳೆಯುವಾಗ, ಅವುಗಳ ರಸ ಹುಳಿಯುವಾಗ ಆಮ್ಲಗಳು ಹುಟ್ಟುತ್ತವೆ. ನಮ್ಮ ಓಣಿಯ ಯಂತ್ರದ ತಗಡು ಹರಿದುದು ಸರಿಯಾಗಿ ಇಂಥ ಮುದ್ದೆ ಮೆತ್ತಿದ ಮೂಲೆಯಲ್ಲಿಯೇ.

ಆ ಯಂತ್ರವನ್ನು ವೆಲ್ಡಿಂಗ್ ಮಾಡಿದ ಕಂಬಾರರು ಶಾಸ್ತ್ರ ಓದಿದವರಲ್ಲ. ನಾವೆಲ್ಲರೂ ಅವರನ್ನು ಕಾಕಾ ಎಂದು ಕರೆಯುತ್ತೇವೆ. "ಕಾಕಾ, ಬರೇ ಮೂರು ಹಂಗಾಮಿ ದುಡದೈತಿ, ಇಷ್ಟ ಲಗೂ ಹ್ಯಾಂಗ ಸವೀತರಿ?" ಎಂದು ಕೇಳಿದೆ. ಅವರು ತಗಡಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಗಟ್ಟಿ ಜಾಗದ ಸಪ್ಪಳ, ಟೊಳ್ಳು ಜಾಗದ ಸಪ್ಪಳ ಎರಡನ್ನೂ ಕೇಳಿಸಿ ಹೇಳಿದರು: "ಕಬ್ಬಣ ದುಡದ ಸಾಯೂದಿಲ್ಲೋ ತಮ್ಮಾ, ಹಸಿ ಮೈಲೆ ಕುಂತ ಸಾಯ್ತೈತಿ." ಇವಾನ್ಸರ ಹನಿಯೂ ಕಾಕಾನ ಮಾತೂ ಹೇಳುವುದು ಒಂದನ್ನೇ. ಯಂತ್ರ ಕೆಲಸ ಮಾಡುವ ಗಂಟೆಗಳು ವರ್ಷದಲ್ಲಿ ಕೆಲವು. ಕುಳಿತಿರುವ ಗಂಟೆಗಳೇ ಬಹಳ. ಅದರ ಆಯುಷ್ಯ ನಿಶ್ಚಯವಾಗುವುದು ಈ ಕುಳಿತಿರುವ ಹೊತ್ತಿನಲ್ಲಿ.

ನಮ್ಮ ನೆಲದ ವಿಶೇಷ

ಮೂಡಲಗಿ ಮಳೆನಾಡಲ್ಲ. ಪಶ್ಚಿಮ ಘಟ್ಟದ ನೆರಳಿನಲ್ಲಿ ಬಿದ್ದ ಬಯಲುಸೀಮೆ. ಇಲ್ಲಿ ಜಂಗಿನ ಹಾವಳಿ ಕಡಿಮೆಯಿರಬೇಕೆಂದು ತೋರುವುದು ಸಹಜ. ಆದರೆ ನಮ್ಮ ಹೊಲಗಳಿಗೆ ನೀರು ಬರುವುದು ಮುಗಿಲಿನಿಂದ ಮಾತ್ರವಲ್ಲ. ಧೂಪದಾಳದ ಒಡ್ಡು 1897ರಲ್ಲಿ ಆಯಿತು. ಹಿಡಕಲ್ ಜಲಾಶಯ 1977ರಲ್ಲಿ ಪೂರ್ತಿಯಾಯಿತು. ಘಟಪ್ರಭೆಯ ಎಡದಂಡೆಯ ಕಾಲುವೆಯ ನೀರಿನಿಂದ ಜೋಳದ ಎರೆಭೂಮಿ ಕಬ್ಬಿನ ಭೂಮಿಯಾಯಿತು. ಬೇಸಿಗೆಯಲ್ಲಿಯೂ ನಮ್ಮ ಹೊಲ ಹಸಿಯಾಗಿರುತ್ತದೆ. ಹಸಿ ಎರೆಮಣ್ಣು ಯಂತ್ರಕ್ಕೆ ಅಂಟಿದರೆ ಗೋಂದಿನಂತೆ ಬಿಡುವುದಿಲ್ಲ.

ನೀರು ಹೆಚ್ಚಾಗಿ ನಿಂತಲ್ಲಿ ಸವಳು-ಜವಳು ಕಾಣಿಸಿಕೊಂಡುದು ನಮಗೆಲ್ಲ ತಿಳಿದ ದುಃಖದ ಕಥೆ. ಕೆಳಗಿನ ಉಪ್ಪು ಮೇಲೆದ್ದು ನೆಲ ಬೆಳ್ಳಗಾಗುತ್ತದೆ. ಆ ಉಪ್ಪು ಪೈರಿಗೆ ಹೇಗೋ ಕಬ್ಬಿಣಕ್ಕೂ ಹಾಗೆಯೇ ವೈರಿ. ಉಪ್ಪು ನೀರಿನಲ್ಲಿ ಕರಗಿ ವಿದ್ಯುತ್ತು ಹರಿಯುವುದನ್ನು ಸುಲಭ ಮಾಡುತ್ತದೆ. ಗಾಳಿಯ ತೇವವನ್ನು ತನ್ನ ಕಡೆಗೆ ಎಳೆದು ಕಬ್ಬಿಣದ ಮೈಯನ್ನು ಹಸಿಯಾಗಿಡುತ್ತದೆ. ರಾಸಾಯನಿಕ ಗೊಬ್ಬರಗಳದೂ ಇದೇ ಗುಣ. ನಾವು ಪೊಟ್ಯಾಶ್ ಎಂದು ಚೀಲದಲ್ಲಿ ತರುವುದು ಬಹುತೇಕ ಪೊಟ್ಯಾಸಿಯಂ ಕ್ಲೋರೈಡು. ಅಡುಗೆಯ ಉಪ್ಪಿನ ಹತ್ತಿರದ ಬಂಧು. ಅಮೋನಿಯದ ಗೊಬ್ಬರಗಳೂ ಕಬ್ಬಿಣವನ್ನು ಕೆಡಿಸುತ್ತವೆ. ಹೀಗಾಗಿ ಕರಾವಳಿಯವರು ಸಮುದ್ರದ ಗಾಳಿಗೆ ಅಂಜುವಂತೆ, ನಾವು ಸವಳು ಮಣ್ಣಿಗೂ ಗೊಬ್ಬರದ ಧೂಳಿಗೂ ಅಂಜಬೇಕು.

ತೊಳೆಯುವ ಕ್ರಮ

ಕೆಲಸ ಮುಗಿದ ಕೂಡಲೆ, ಮೆತ್ತಿದ್ದು ಹಸಿಯಿರುವಾಗಲೇ ತೆಗೆಯಬೇಕು. ಹಸಿಯಿದ್ದಾಗ ಹತ್ತು ನಿಮಿಷದ ಕೆಲಸ; ಮರುದಿನಕ್ಕೆ ಬಿಟ್ಟರೆ ಒಂದು ತಾಸಿನ ಕೆಲಸ; ಹಂಗಾಮಿನ ಕೊನೆಗೆಂದು ಬಿಟ್ಟರೆ ಕಂಬಾರನ ಕೆಲಸ.

ಎಲ್ಲಕ್ಕೂ ಮೊದಲು ಅಲಗು ತಿರುಗಲಾರದೆಂಬ ಖಾತ್ರಿ ಬೇಕು. ಪೆಟ್ರೋಲ್ ಎಂಜಿನ್ನಾದರೆ ಆರಿಸಿ, ತಣ್ಣಗಾದ ಮೇಲೆ, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಿತ್ತಿಡಬೇಕು. ಕೈಯಿಂದ ಅಲಗು ತಿರುಗಿಸಿದರೂ ಎಂಜಿನು ಹೊತ್ತಿಕೊಳ್ಳಬಲ್ಲದು. ವಿದ್ಯುತ್ತಿನದಾದರೆ ಗುಂಡಿ ಒತ್ತಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ತೆಗೆಯಬೇಕು. ಟ್ರ್ಯಾಕ್ಟರಿನದಾದರೆ ಪಿ.ಟಿ.ಓ. ಬಿಡಿಸಿ, ಎಂಜಿನು ಆರಿಸಿ, ಕೀಲಿಕೈಯನ್ನು ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಹೈಡ್ರಾಲಿಕ್ ತೋಳಿನ ಮೇಲೆ ಎತ್ತಿ ನಿಲ್ಲಿಸಿದ ಯಂತ್ರದ ಕೆಳಗೆ ಕೈಯಾಗಲಿ ತಲೆಯಾಗಲಿ ಹಾಕಲೇಬಾರದು. ದಪ್ಪ ಕಟ್ಟಿಗೆಯ ದಿಮ್ಮಿಗಳ ಆಸರೆ ಕೊಟ್ಟ ಮೇಲೆಯೇ ಕೆಲಸ. ಚಿಕ್ಕ ಯಂತ್ರವನ್ನು ಮಗ್ಗುಲಿಗೆ ಹೊರಳಿಸುವಾಗ ಗಾಳಿ ಸೋಸುವ ಭಾಗ ಮೇಲೆ ಬರುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಎಂಜಿನ್ನಿನ ಎಣ್ಣೆ ಅದರೊಳಗೆ ಇಳಿಯುತ್ತದೆ.

ಮೆತ್ತಿದ್ದನ್ನು ಕೆರೆಯಲು ಕಬ್ಬಿಣದ ಕುರುಪಿಗಿಂತ ಬಿದಿರಿನ ಸೀಳು ಒಳ್ಳೆಯದು. ಕುರುಪಿ ಮುದ್ದೆಯ ಜೊತೆಗೆ ಬಣ್ಣವನ್ನೂ ಕೆರೆಯುತ್ತದೆ. ಬಣ್ಣ ಹೋದ ಗೀರೇ ನಾಳೆಯ ಜಂಗಿನ ಬಾಗಿಲು. ಕೆರೆದ ಮೇಲೆ ಸಾದಾ ನೀರು, ಜಿಡ್ಡಿದ್ದರೆ ಸ್ವಲ್ಪ ಸೋಪು. ಸವಳು ಹೊಲದಿಂದ ಬಂದ ಯಂತ್ರವನ್ನು ಎರಡು ಸಲ ತೊಳೆಯಬೇಕು. ಮೊದಲ ನೀರು ಮಣ್ಣನ್ನು ತೆಗೆಯುತ್ತದೆ, ಎರಡನೆಯದು ಉಪ್ಪನ್ನು. ಪಂಪಿನ ರಭಸದ ನೀರನ್ನು ಬೇರಿಂಗುಗಳ ಮೇಲೆ ಬಿಡಬಾರದು. ಒಳಗಿನ ಗ್ರೀಸು ಹೊರಬಂದು ನೀರು ಒಳಸೇರುವುದು.

ತೊಳೆಯುವವರು ಬಹಳ, ಒಣಗಿಸುವವರು ಕಡಿಮೆ. ತೊಳೆದು ಹಸಿಯಾಗಿ ಬಿಟ್ಟ ಯಂತ್ರ ತೊಳೆಯದ ಯಂತ್ರಕ್ಕಿಂತ ಹೆಚ್ಚು ಸುಖಿಯೇನಲ್ಲ. ಹಳೆಯ ಬಟ್ಟೆಯಿಂದ ಒರಸಿ, ಹೊಟ್ಟೆಗೆ ಬಿಸಿಲು ತಾಗುವಂತೆ ಒಂದು ತಾಸು ಇಡಬೇಕು. ನಮ್ಮ ಬಿಸಿಲು ಬಿಟ್ಟಿಯಾಗಿ ಸಿಗುವ ಔಷಧ. ಚಳಿದೇಶಗಳವರಿಗೆ ಇದೂ ಇಲ್ಲ.

ಹತ್ತಿದ ಜಂಗನ್ನು ತೆಗೆಯುವುದು

ಮೇಲುಮೇಲಿನ ಜಂಗಾದರೆ ತಂತಿಯ ಬ್ರಶ್ಶಿನಿಂದ ತಿಕ್ಕಿ, ಆಮೇಲೆ ಉಸುಕಿನ ಕಾಗದದಿಂದ ಉಜ್ಜಿದರೆ ಸಾಕು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಬೇಕು. ಉಜ್ಜುವ ಮೊದಲು ಕಾಕಾ ಮಾಡಿದಂತೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಬೇಕು. ಡಬಡಬ ಎನ್ನುವಲ್ಲಿ ತಗಡು ತೀರಿಹೋಗಿದೆ; ಅಲ್ಲಿ ಬಣ್ಣ ಬಳಿಯುವುದು ತೂತು ಮಡಕೆಗೆ ಕೆಮ್ಮಣ್ಣು ಸಾರಿಸಿದಂತೆ. ಅದನ್ನು ಕತ್ತರಿಸಿ ಹೊಸ ತಗಡು ಕೂಡಿಸಬೇಕು.

ಬಿಚ್ಚಿ ತೆಗೆಯಬಹುದಾದ ಚಿಕ್ಕ ಭಾಗಗಳಿಗೆ ಕಬ್ಬಿನ ನಾಡಿನವರಾದ ನಮಗೆ ಒಂದು ಅಗ್ಗದ ಉಪಾಯವಿದೆ. ಸಕ್ಕರೆ ಕಾರಖಾನೆಯ ಕಾಕಂಬಿಯನ್ನು ಒಂದು ಪಾಲಿಗೆ ಒಂಬತ್ತು ಪಾಲು ನೀರಿನಂತೆ ಕಲಸಿ, ಅದರಲ್ಲಿ ಜಂಗು ಹಿಡಿದ ಭಾಗವನ್ನು ಪೂರ್ತಿ ಮುಳುಗಿಸಿ ಒಂದೆರಡು ವಾರ ಇಟ್ಟರೆ ಜಂಗು ಬಿಟ್ಟುಕೊಳ್ಳುತ್ತದೆ. ಕಾಕಂಬಿಯಲ್ಲಿರುವ ಕೆಲವು ವಸ್ತುಗಳು ಜಂಗಿನ ಕಬ್ಬಿಣವನ್ನು ಹಿಡಿದು ಕರಗಿಸುವ ಶಕ್ತಿಯುಳ್ಳವು. ವಾಸನೆ ಮಾತ್ರ ಸಹಿಸಬೇಕು. ಹುಣಸೆಯ ಹುಳಿಯಾಗಲಿ ನಿಂಬೆಯ ಹುಳಿಯಾಗಲಿ ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ. ಆದರೆ ಹುಳಿ ಉಳಿದರೆ ಕಬ್ಬಿಣವನ್ನೇ ತಿನ್ನುವುದು. ಆದುದರಿಂದ ಆಮೇಲೆ ಅಡುಗೆ ಸೋಡಾದ ನೀರಿನಿಂದ ತೊಳೆದು, ಮತ್ತೆ ಸಾದಾ ನೀರಿನಿಂದ ತೊಳೆದು, ತಕ್ಷಣ ಒಣಗಿಸಬೇಕು. ಚೊಕ್ಕವಾದ ಕಬ್ಬಿಣ ಬಹು ನಾಜೂಕು. ಹಸಿಯಾಗಿ ಬಿಟ್ಟರೆ ಊಟ ಮಾಡಿ ಬರುವಷ್ಟರಲ್ಲಿ ಹೊಸ ಜಂಗು ಮೂಡುತ್ತದೆ.

ಕುಳಿಗಳಲ್ಲಿ ಉಳಿದ ಜಂಗನ್ನು ಪೂರ್ತಿ ತೆಗೆಯಲಾಗದಿದ್ದಾಗ ಅದನ್ನು ಬೇರೆ ರೂಪಕ್ಕೆ ತಿರುಗಿಸುವ ದ್ರವಗಳು ಅಂಗಡಿಯಲ್ಲಿ ಸಿಗುತ್ತವೆ. ಇವುಗಳಲ್ಲಿ ಇರುವುದು ಫಾಸ್ಫಾರಿಕ್ ಆಮ್ಲ, ಇಲ್ಲವೆ ಟ್ಯಾನಿನ್ ಎಂಬ ಒಗರು. ಟ್ಯಾನಿನ್ ಜಂಗಿನೊಡನೆ ಕೂಡಿ ಕಪ್ಪಾದ, ಗಟ್ಟಿಯಾದ ಪೊರೆಯಾಗುತ್ತದೆ. ಕಲಾ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ. ಅಳಲೆಕಾಯಿಯ ಒಗರನ್ನೂ ಕಬ್ಬಿಣದ ಲವಣವನ್ನೂ ಕೂಡಿಸಿ ಹಿಂದಿನವರು ಮಾಡುತ್ತಿದ್ದ ಕಪ್ಪು ಶಾಯಿ ಇದೇ ವಸ್ತು. ಕಾಗದದ ಮೇಲೆ ಅಕ್ಷರವನ್ನು ಕಾದ ಕಪ್ಪು, ತಗಡಿನ ಮೇಲೆ ಕಬ್ಬಿಣವನ್ನು ಕಾಯುತ್ತದೆ.

ಫಾಸ್ಫರಸ್ಸಿನ ಮಹಿಮೆಗೂ ನಮ್ಮ ದೇಶದಲ್ಲಿಯೇ ದೊಡ್ಡ ಸಾಕ್ಷಿಯಿದೆ. ದಿಲ್ಲಿಯ ಕಬ್ಬಿಣದ ಕಂಬ 1600 ವರ್ಷಗಳಿಂದ ಬಯಲಿನಲ್ಲಿ ನಿಂತಿದೆ. ಅದರ ಕಬ್ಬಿಣದಲ್ಲಿ ಫಾಸ್ಫರಸ್ಸಿನ ಅಂಶ ಹೆಚ್ಚಾಗಿರುವುದರಿಂದ ಮೈಮೇಲೆ ಒಂದು ರಕ್ಷಕ ಪೊರೆ ಬೆಳೆದಿದೆಯೆಂದು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಮಣ್ಯಂ ಅವರು ವಿವರಿಸಿದರು. ದಿಲ್ಲಿಯ ಹವೆ ಒಣಹವೆ ಎಂದು ಆಕ್ಷೇಪಿಸುವವರು ನಮ್ಮ ಕೊಡಚಾದ್ರಿಯನ್ನು ನೋಡಬೇಕು. ಧೋ ಧೋ ಮಳೆ ಸುರಿಯುವ ಆ ಬೆಟ್ಟದಲ್ಲಿ ಆದಿಮೂಕಾಂಬಿಕೆಯ ಗುಡಿಯ ಮುಂದೆ ಹಳೆಯ ಕಬ್ಬಿಣದ ಕಂಬವೊಂದು ಇಂದಿಗೂ ನಿಂತಿದೆ. ಇಂದಿನ ಕಾರಖಾನೆಯ ತೆಳು ತಗಡಿಗೆ ಆ ಭಾಗ್ಯವಿಲ್ಲ. ಅದಕ್ಕೆ ಪೊರೆಯನ್ನು ನಾವೇ ಕೊಡಬೇಕು.

ಕಾಪಿಡುವ ಲೇಪಗಳು

ಎಲ್ಲ ಲೇಪಗಳ ಗುರಿ ಒಂದೇ: ನೀರು ಗಾಳಿಗಳನ್ನು ಕಬ್ಬಿಣದಿಂದ ದೂರವಿಡುವುದು. ದೀರ್ಘಕಾಲಕ್ಕೆ ಬಣ್ಣವೇ ಮೇಲು. ಮೊದಲು ರೆಡ್ ಆಕ್ಸೈಡ್ ಇಲ್ಲವೆ ಝಿಂಕ್ ಫಾಸ್ಫೇಟಿನ ಒಂದು ತಳಬಣ್ಣ. ಅದು ಪೂರ್ಣ ಒಣಗಿದ ಮೇಲೆ ಎನಾಮಲ್ಲಿನ ಎರಡು ತೆಳು ಕೈ. ಒಂದೇ ದಪ್ಪ ಕೈಗಿಂತ ಎರಡು ತೆಳು ಕೈ ಹೆಚ್ಚು ಬಾಳುವುದು. ಒಂದು ಸ್ವಾರಸ್ಯವೆಂದರೆ ರೆಡ್ ಆಕ್ಸೈಡಿನ ಕೆಂಪು ಕಬ್ಬಿಣದ ಆಕ್ಸೈಡಿನದೇ. ಜಂಗಿನ ಅಣ್ಣನೇ ಜಂಗನ್ನು ತಡೆಯಲು ನಿಲ್ಲುವನು. ಅಲಗಿನ ಬಾಯಿಗೂ ತಿರುಗುವ ದಂಡಕ್ಕೂ ಬಣ್ಣ ಬೇಡ. ಒಂದು ಸಲ ಬಳಿದರೆ ಮುಗಿಯಿತೆಂದೂ ತಿಳಿಯಬಾರದು. 1889ರಲ್ಲಿ ಕಟ್ಟಿದ ಪ್ಯಾರಿಸ್ಸಿನ ಐಫೆಲ್ ಗೋಪುರಕ್ಕೆ ಇಂದಿಗೂ ಸುಮಾರು ಏಳು ವರ್ಷಕ್ಕೊಮ್ಮೆ ಬಣ್ಣ ಕೊಡುವರು; ಅದು ನಿಂತಿರುವುದು ಕಬ್ಬಿಣದ ಬಲದಿಂದ ಎಷ್ಟೋ ಬಣ್ಣದ ಬಲದಿಂದಲೂ ಅಷ್ಟೇ. ಹರಳು ಬಡಿಯುವ ನಮ್ಮ ಯಂತ್ರದ ಹೊಟ್ಟೆಗೆ ವರ್ಷಕ್ಕೊಮ್ಮೆಯಾದರೂ ಕೈಯಾಡಿಸಬೇಕು.

ಹಂಗಾಮಿನ ನಡುವೆ ಬಣ್ಣ ಬಳಿಯಲು ಪುರಸೊತ್ತಿಲ್ಲದಾಗ ಎಣ್ಣೆಯೇ ಗತಿ. ಇಲ್ಲಿ ಯಾವ ಎಣ್ಣೆಯೆಂಬ ವಿವೇಕ ಬೇಕು. ಶೇಂಗಾ ಎಣ್ಣೆ ಎಷ್ಟು ದಿನವಾದರೂ ಒಣಗುವುದಿಲ್ಲ. ಧೂಳು ಹಿಡಿಯುತ್ತದೆ, ಕಮಟಿ ಹುಳಿಯಾಗುತ್ತದೆ. ಅಗಸೆ ಎಣ್ಣೆಯ ಗುಣ ಬೇರೆ. ಅದು ಗಾಳಿಯ ಆಮ್ಲಜನಕವನ್ನು ಹೀರಿ ತೆಳುವಾದ ಗಟ್ಟಿ ಪೊರೆಯಾಗುತ್ತದೆ. ಹಿಂದಿನ ಎಣ್ಣೆಬಣ್ಣಗಳ ಜೀವಾಳವೇ ಅದು. ಕುಸುಬಿ ಎಣ್ಣೆಗೂ ಈ ಗುಣ ಸ್ವಲ್ಪ ಮಟ್ಟಿಗೆ ಉಂಟು. ನಮ್ಮ ಎರೆಭೂಮಿಯ ಹಿಂಗಾರಿಯಲ್ಲಿ ಅಗಸಿ, ಕುಸುಬಿ ಬೆಳೆಯುತ್ತಿದ್ದ ಕಾಲದಲ್ಲಿ ಇವು ಮನೆಯಲ್ಲಿಯೇ ಇರುತ್ತಿದ್ದವು. ಬಟ್ಟೆಯಿಂದ ಆದಷ್ಟು ತೆಳುವಾಗಿ ಸವರಿ, ಹೆಚ್ಚಿನದನ್ನು ಒರಸಿ, ಬಿಸಿಲಿಗೆ ಒಣಗಿಸಬೇಕು. ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕೆನಿಸುತ್ತದೆ: ಅಗಸೆ ಎಣ್ಣೆ ತೊಯ್ದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ತಾನೇ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಬಿಡಿಸಿ ಹರವಿ ಒಣಗಿಸಬೇಕು. ಇಲ್ಲವೆ ನೀರಿನಲ್ಲಿ ಅದ್ದಿಡಬೇಕು.

ಎಂಜಿನ್ನಿನಿಂದ ತೆಗೆದ ಕರಿ ಎಣ್ಣೆಯನ್ನು ಬಳಿಯುವ ರೂಢಿ ನಮ್ಮಲ್ಲಿ ಹೆಚ್ಚು. ದುಡ್ಡಿಲ್ಲದೆ ಸಿಗುವುದೆಂಬುದೇ ಅದರ ಗುಣ. ಉರಿದ ಎಣ್ಣೆಯಲ್ಲಿ ಆಮ್ಲವೂ ಲೋಹದ ಪುಡಿಯೂ ಸೇರಿರುತ್ತವೆ. ಯಂತ್ರ ಹೊಲಕ್ಕಿಳಿದಾಗ ಅದೆಲ್ಲ ನಾವು ಉಣ್ಣುವ ಮಣ್ಣಿಗೆ ಇಳಿಯುತ್ತದೆ. ಅದರ ಬದಲು ತುಸು ಹೊಸ ಎಣ್ಣೆಯನ್ನು ತೆಳುವಾಗಿ ಸವರುವುದು ಮೇಲು.

ಇಡುವ ಸ್ಥಳ

ನಮ್ಮ ಮನೆಗಳಲ್ಲಿ ಯಂತ್ರ ನಿಲ್ಲುವುದು ದನದ ಕೊಟ್ಟಿಗೆಯಲ್ಲಿ, ಇಲ್ಲವೆ ಗೊಬ್ಬರದ ಚೀಲಗಳ ಪಕ್ಕದಲ್ಲಿ. ಇವೆರಡೂ ಅಯೋಗ್ಯ ಸ್ಥಳಗಳು. ಗಂಜಲದಲ್ಲಿ ಉಪ್ಪೂ ಅಮೋನಿಯವೂ ಇರುತ್ತವೆ. ಗೊಬ್ಬರದ ವಿಷಯವನ್ನು ಮೊದಲೇ ಹೇಳಿದ್ದೇನೆ. ಮಣ್ಣಿನ ನೆಲ ತೇವವನ್ನು ಉಸಿರುತ್ತದೆ. ಆದುದರಿಂದ ಇಟ್ಟಂಗಿ ಇಲ್ಲವೆ ಕಟ್ಟಿಗೆಯ ಮೇಲೆ ಎತ್ತಿ ಇಡಬೇಕು. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿದರೆ ರಾತ್ರಿಯ ತಂಪಿಗೆ ಒಳಗೆ ನೀರ ಹನಿ ಕಟ್ಟುತ್ತದೆ. ಮೇಲೆ ಮಾತ್ರ ಹೊದಿಸಿ, ಕೆಳಗೆ ಗಾಳಿಯಾಡಲು ಬಿಡಬೇಕು.

ಎಲ್ಲರ ಯಂತ್ರ, ಯಾರ ಕೆಲಸ?

ಇಷ್ಟೆಲ್ಲ ಕ್ರಮಗಳಲ್ಲಿ ಕಷ್ಟವಾದುದು ಒಂದೂ ಇಲ್ಲ. ಹಾಗಿದ್ದೂ ಯಂತ್ರಗಳು ಏಕೆ ಕೆಡುತ್ತವೆ? ನಾನು ಕಂಡಂತೆ, ಒಬ್ಬನದೇ ಆದ ಯಂತ್ರಕ್ಕಿಂತ ಹಲವರ ಯಂತ್ರ ಬೇಗ ಜಂಗು ಹಿಡಿಯುತ್ತದೆ. ನಮ್ಮ ಓಣಿಯ ಯಂತ್ರವನ್ನು ಐದು ಮನೆಯವರೂ ದುಡಿಸಿದರು. ತೊಳೆಯುವ ಸರದಿ ಮಾತ್ರ ಯಾವಾಗಲೂ ಆರನೆಯವನದಾಗಿತ್ತು. ಕರ್ನಾಟಕದಲ್ಲಿ 2014–15ನೆಯ ಸಾಲಿನಿಂದ ಕೃಷಿ ಯಂತ್ರಧಾರೆ ಕೇಂದ್ರಗಳು ಬಂದು ಸಣ್ಣ ರೈತನಿಗೂ ಬಾಡಿಗೆಯಿಂದ ಯಂತ್ರ ಸಿಗುವಂತಾಯಿತು. ಇದು ಬಹು ಒಳ್ಳೆಯ ಏರ್ಪಾಡು. ಆದರೆ ಬಾಡಿಗೆಯ ಯಂತ್ರವೆಂದರೆ ಸಂಜೆಗೆ ಮೈತುಂಬ ಕೆಸರು ಹೊತ್ತು ತಿರುಗಿ ಹೋಗುವ ಯಂತ್ರವೆಂದು ನಾವು ತಿಳಿದರೆ, ಆ ಕೆಸರಿನ ಬೆಲೆಯನ್ನು ಮುಂದಿನ ವರ್ಷ ನಾವೇ ತೆರುವೆವು.

ತಗಡು ಹರಿದ ಮೇಲೆ ನಮ್ಮ ಓಣಿಯವರು ಒಂದು ನಿಯಮ ಮಾಡಿಕೊಂಡರು. ಯಂತ್ರದ ಜೊತೆಗೆ ಒಂದು ನೋಟುಪುಸ್ತಕ ತಿರುಗುತ್ತದೆ. ತೆಗೆದುಕೊಂಡು ಹೋಗುವವನು ಹೊಟ್ಟೆಯನ್ನು ನೋಡಿ, ಚೊಕ್ಕವಿದ್ದರೆ ಸಹಿ ಮಾಡುತ್ತಾನೆ. ಇಲ್ಲದಿದ್ದರೆ ಹಿಂದಿನವನನ್ನು ಕರೆಯುತ್ತಾನೆ. ಇದರಿಂದ ಜಗಳ ಹೆಚ್ಚಬಹುದೆಂದು ಹಿರಿಯರು ಅಂಜಿದ್ದರು. ಮೊದಲ ತಿಂಗಳು ಎರಡು ಸಲ ಮಾತು ಬಿರುಸಾಯಿತು, ಆಮೇಲೆ ನಿಂತಿತು. ಎರಡು ಹಂಗಾಮಿ ಕಳೆದರೂ ಕಾಕಾ ಹಾಕಿದ ಹೊಸ ತಗಡಿನ ಬಣ್ಣ ಇನ್ನೂ ಉಳಿದಿದೆ.

ಕಾಲೇಜಿನ ಬಯಲು, ಬೆಂಚುಗಳು, ವ್ಯಾಯಾಮದ ಕಬ್ಬಿಣದ ಕಂಬಗಳು, ನೀರಿನ ತೊಟ್ಟಿಯ ಮುಚ್ಚಳ ಇವೆಲ್ಲವೂ ಎಲ್ಲರ ವಸ್ತುಗಳೇ. ನಮ್ಮ ಎನ್.ಎಸ್.ಎಸ್. ಬಂಧುಗಳು ವರ್ಷಕ್ಕೊಂದು ದಿನ ಮುಂಗಾರಿಗೆ ಮೊದಲು ತಂತಿಯ ಬ್ರಶ್ಶನ್ನೂ ಒಂದು ಡಬ್ಬಿ ರೆಡ್ ಆಕ್ಸೈಡನ್ನೂ ಹಿಡಿದರೆ ಇವುಗಳ ಆಯುಷ್ಯ ಎಷ್ಟೋ ವರ್ಷ ಬೆಳೆಯುವುದು. ಪ್ರಾಧ್ಯಾಪಕರು ಅನುಮತಿ ಕೊಟ್ಟರೆ ಮೊದಲ ದಿನ ಬ್ರಶ್ಶು ಹಿಡಿಯಲು ನಾನು ಸಿದ್ಧನಿದ್ದೇನೆ; ತಗಡನ್ನು ತಟ್ಟಿ ಸಪ್ಪಳ ಕೇಳುವುದನ್ನು ಕಲಿಸಲು ಕಾಕಾನನ್ನೂ ಕರೆತರುವೆನು.